ಎದೆಯುರಿ, ಬ್ಯಾರೆಟ್ಸ್ ಮತ್ತು ಕ್ಯಾನ್ಸರ್ ಭಯ: ಮಂಡ್ಯದ ಒಂದು ಮನೆಯ ಪ್ರಕರಣ

ರಿಪೋರ್ಟಿನಲ್ಲಿ ಇದ್ದದ್ದು ಎರಡೇ ಸಾಲು. ಅನ್ನನಾಳದ ಕೆಳತುದಿಯಲ್ಲಿ ಬ್ಯಾರೆಟ್ಸ್ ಈಸೋಫೇಗಸ್, ಅಂದರೆ ಒಳಪದರದ ಜಾತಿ ಬದಲಾಗಿದೆ, ಸಿ1 ಎಂ4. ಬಯಾಪ್ಸಿಯಲ್ಲಿ ಇಂಟೆಸ್ಟೈನಲ್ ಮೆಟಾಪ್ಲೇಸಿಯಾ, ಜೊತೆಗೆ ಲೋ ಗ್ರೇಡ್ ಡಿಸ್‌ಪ್ಲೇಸಿಯಾ. ಮೈಸೂರಿನ ಆಸ್ಪತ್ರೆಯಲ್ಲಿ ರಿಪೋರ್ಟ್ ಕೈಗೆ ಸಿಕ್ಕ ತಕ್ಷಣ ಮಗ ಮೊಬೈಲಿನಲ್ಲಿ ಹುಡುಕಿದ್ದಾನೆ. ಬಸ್ಸು ಶ್ರೀರಂಗಪಟ್ಟಣ ದಾಟುವ ಹೊತ್ತಿಗೆ, ಅಪ್ಪನಿಗೆ ಕ್ಯಾನ್ಸರ್ ಅಂತ ನೆಂಟರಿಗೆಲ್ಲ ಫೋನ್ ಹೋಗಿತ್ತು. ಸಂಜೆ ಮಂಡ್ಯದ ನನ್ನ ಕ್ಲಿನಿಕ್ಕಿಗೆ ಇಡೀ ಮನೆಯೇ ಬಂತು. ಎಲ್ಲರ ಮುಖವೂ ಬಾಡಿತ್ತು.

ನಾನು ಹೊಟ್ಟೆ, ಕರುಳಿನ ಸ್ಪೆಷಲಿಸ್ಟ್ ಅಲ್ಲ. ಜ್ವರ, ಬಿಪಿ, ಶುಗರ್ ನೋಡುವ ಸಾಮಾನ್ಯ ವೈದ್ಯ. ಆದರೆ ದೊಡ್ಡ ಆಸ್ಪತ್ರೆಯ ರಿಪೋರ್ಟ್ ಹಿಡಿದುಕೊಂಡು ಜನ ವಾಪಸ್ ಬರುವುದು ನಮ್ಮಂಥವರ ಹತ್ತಿರವೇ. ‘ಇದರಲ್ಲಿ ಏನು ಬರೆದಿದ್ದಾರೆ, ನೀವು ಹೇಳಿ’ ಅಂತ ಕೇಳುವುದು ನಮ್ಮನ್ನೇ. ಈ ಪ್ರಕರಣ ಬರೆಯಲೇಬೇಕು ಅನ್ನಿಸಿದ್ದಕ್ಕೆ ಕಾರಣ ಇದೆ. ಆ ಮನೆಯವರ ಭಯಕ್ಕೆ ಕಾರಣ ಇತ್ತು, ಸುಳ್ಳಲ್ಲ. ಆದರೆ ಅವರು ಹೆದರಿದ್ದು ಒಬ್ಬರಿಗಾಗಿ, ನಿಜವಾದ ಅಪಾಯ ಇದ್ದದ್ದು ಅದೇ ಮನೆಯ ಇನ್ನೊಬ್ಬರಿಗೆ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಹೆಸರು ಬೇಡ, ಯಜಮಾನರು ಅಂತಲೇ ಕರೆಯೋಣ.

ಇಪ್ಪತ್ತು ವರ್ಷದ ‘ಗ್ಯಾಸ್ಟ್ರಿಕ್’

ಯಜಮಾನರಿಗೆ 56 ವರ್ಷ. ಕಬ್ಬಿನ ಜಮೀನಿದೆ, ಒಂದು ಆಲೆಮನೆ ಇದೆ. ಹೊಟ್ಟೆ ಸಾಕಷ್ಟು ಬಂದಿದೆ, ತೂಕ 88 ಕೆ.ಜಿ. ಬಿಪಿ ಇದೆ. ಬೀಡಿ ಹಳೆಯ ಅಭ್ಯಾಸ. ಎದೆಯುರಿ, ಹುಳಿತೇಗು ಮೂವತ್ತೈದು ದಾಟಿದಾಗಿನಿಂದಲೂ ಇದೆ. ಮೊದಮೊದಲು ಗೋಲಿ ಸೋಡಾ, ಆಮೇಲೆ ಇನೋ, ಆಮೇಲೆ ಮೆಡಿಕಲ್ ಸ್ಟೋರಿನಿಂದ ಪ್ಯಾನ್ ಮಾತ್ರೆ. ಉರಿ ಬಂದ ದಿನ ನುಂಗುವುದು, ಇಲ್ಲದ ದಿನ ಬಿಡುವುದು. ಇದನ್ನು ನಮ್ಮ ಕಡೆ ಯಾರೂ ಕಾಯಿಲೆ ಅಂತ ಲೆಕ್ಕಕ್ಕೆ ಇಡುವುದಿಲ್ಲ. ‘ಗ್ಯಾಸ್ಟ್ರಿಕ್ಕು ಸಾ, ಎಲ್ರಿಗೂ ಐತೆ’ ಅಂದರೆ ಮುಗೀತು.

ಆಲೆಮನೆ ಕೆಲಸ ಇರುವ ತಿಂಗಳುಗಳಲ್ಲಿ ಊಟದ ಹೊತ್ತಿಗೆ ಲೆಕ್ಕವೇ ಇಲ್ಲ. ಕೊಪ್ಪರಿಗೆಯಲ್ಲಿ ಪಾಕ ಇಳಿಸಿ, ಕೊನೆಯ ಅಚ್ಚು ಹುಯ್ದು, ಕೂಲಿಯವರನ್ನು ಕಳಿಸಿ ಮನೆಗೆ ಬರುವಾಗ ರಾತ್ರಿ ಹತ್ತೂವರೆ. ಆಗ ಎರಡು ಮುದ್ದೆ, ಖಾರದ ಸಾರು. ಉಂಡ ಕೈ ಒಣಗುವ ಮೊದಲೇ ಮಲಗುವುದು. ತುಂಬಿದ ಹೊಟ್ಟೆಯಲ್ಲಿ ಮಲಗಿದರೆ ಆಸಿಡ್ ಮೇಲಕ್ಕೆ ಬರುತ್ತದೆ. ಹೊಟ್ಟೆಯ ಬೊಜ್ಜು ಕೆಳಗಿನಿಂದ ಒತ್ತುತ್ತದೆ. ಅನ್ನನಾಳ ಮತ್ತು ಜಠರದ ನಡುವೆ ಇರುವ ಬಿಗಿ ಸಡಿಲವಾಗುತ್ತದೆ. ಬೀಡಿಯೂ ಆ ಬಿಗಿಯನ್ನು ಇನ್ನಷ್ಟು ಸಡಿಲ ಮಾಡುತ್ತದೆ.

ನನ್ನ ಹತ್ತಿರ ಅವರು ಬಂದದ್ದು ಬಿಪಿ ಮಾತ್ರೆಗೆ. ಎದೆಯುರಿ ಹೇಗಿದೆ ಅಂತ ಕೇಳಿದಾಗ ಖುಷಿಯಿಂದಲೇ ಹೇಳಿದರು: “ಉರಿ ಈಗ ಎಷ್ಟೋ ವಾಸಿ ಸಾ. ಮೊದ್ಲಂಗಿಲ್ಲ.” ಮಾತ್ರೆ ಬಿಟ್ಟಿದ್ದಾರೆ, ಊಟ ಬದಲಾಗಿಲ್ಲ, ತೂಕ ಇಳಿದಿಲ್ಲ. ಹಾಗಿದ್ದರೆ ಉರಿ ಮಾತ್ರ ಯಾಕೆ ಕಮ್ಮಿ ಆಯ್ತು? ಈ ಪ್ರಶ್ನೆಯೇ ಅವರನ್ನು ಎಂಡೋಸ್ಕೋಪಿಗೆ ಕಳಿಸಲು ಒಂದು ಕಾರಣ. ಬ್ಯಾರೆಟ್ಸ್ ಆದ ಪದರಕ್ಕೆ ಆಸಿಡ್ಡಿನ ಉರಿ ಅಷ್ಟಾಗಿ ಗೊತ್ತಾಗದೆ ಇರಬಹುದು. ಒಳಗೆ ಹುಣ್ಣಾಗುವುದು ನಿಂತಿಲ್ಲ, ಆದರೆ ಮನುಷ್ಯನಿಗೆ ವಾಸಿಯಾದ ಹಾಗೆ ಅನ್ನಿಸುತ್ತದೆ. ಉರಿ ಕಮ್ಮಿ ಆದವರಿಗೆಲ್ಲ ಬ್ಯಾರೆಟ್ಸ್ ಅಂತ ಇದರ ಅರ್ಥ ಅಲ್ಲ. ಆದರೆ ಗಂಡಸು, ಐವತ್ತು ದಾಟಿದೆ, ಹತ್ತಾರು ವರ್ಷದ ಎದೆಯುರಿ, ಹೊಟ್ಟೆ ಬೊಜ್ಜು, ಬೀಡಿ: ಇಷ್ಟೂ ಒಬ್ಬರಲ್ಲೇ ಸೇರಿದ್ದರೆ ಒಮ್ಮೆ ಪೈಪ್ ಬಿಟ್ಟು ನೋಡುವುದು ಒಳ್ಳೆಯದು.

ಒಳಗೆ ಆಗಿರುವುದು ಏನು

ಅನ್ನನಾಳದ ಒಳಪದರ ನಮ್ಮ ಬಾಯಿಯ ಒಳಗಿನ ಚರ್ಮದ ಜಾತಿಯದು. ಚಪ್ಪಟೆ ಕೋಶಗಳು, ಒಂದರ ಮೇಲೊಂದು. ಎಂಡೋಸ್ಕೋಪಿಯಲ್ಲಿ ತಿಳಿ ಬಣ್ಣದಲ್ಲಿ ಕಾಣುತ್ತದೆ. ಆಸಿಡ್ ಮತ್ತು ಪಿತ್ತ ವರ್ಷಗಟ್ಟಲೆ ಮೇಲೆ ಬರುತ್ತಾ ಇದ್ದರೆ ಈ ಪದರ ಸುಟ್ಟು, ಮಾಯ್ದು, ಮತ್ತೆ ಸುಡುತ್ತದೆ. ಕೆಲವರಲ್ಲಿ ಕೊನೆಗೆ ಆ ಜಾಗದಲ್ಲಿ ಬೇರೆ ಜಾತಿಯ ಪದರವೇ ಬೆಳೆಯುತ್ತದೆ. ಕರುಳಿನೊಳಗೆ ಇರುವಂಥ ಉದ್ದುದ್ದ ಕೋಶಗಳು, ಲೋಳೆ ತುಂಬಿದ ಗಾಬ್ಲೆಟ್ ಕೋಶಗಳು. ರಿಪೋರ್ಟಿನ ‘ಇಂಟೆಸ್ಟೈನಲ್ ಮೆಟಾಪ್ಲೇಸಿಯಾ’ ಅಂದರೆ ಇದೇ. ಬಣ್ಣ ಕೆಂಪಗೆ, ಸಾಲ್ಮನ್ ಮೀನಿನ ಬಣ್ಣ ಅಂತ ಪುಸ್ತಕದಲ್ಲಿ ಬರೆಯುತ್ತಾರೆ. ಯಜಮಾನರಿಗೆ ನಾನು ಹೇಳಿದ್ದು ಇಷ್ಟು: ನಾಲೆ ನೀರು ನಿಂತು ಜೌಗು ಹಿಡಿದ ಗದ್ದೆಯಲ್ಲಿ ಭತ್ತ ಹೋಗಿ ಜೊಂಡು ಹುಟ್ಟಿಕೊಳ್ಳುತ್ತಲ್ಲ, ಹಾಗೆ. ತಕ್ಷಣ ಅರ್ಥ ಆಯ್ತು. ಅವರದೇ ಕೆಳಗಿನ ಗದ್ದೆಯಲ್ಲಿ ಆ ತೊಂದರೆ ಇದೆಯಂತೆ.

ಸಿ1 ಎಂ4 ಅಂದರೆ ಅಳತೆ. ಬದಲಾದ ಪದರ ಅನ್ನನಾಳದ ಸುತ್ತಲೂ 1 ಸೆಂ.ಮೀ. ಹಬ್ಬಿದೆ, ಒಂದು ಕಡೆ ಮೇಲಕ್ಕೆ 4 ಸೆಂ.ಮೀ. ಏರಿದೆ. 2006ರಿಂದ ಎಲ್ಲ ಕಡೆ ಬಳಕೆಯಲ್ಲಿರುವ ಈ ಅಳತೆಗೆ ಪ್ರಾಗ್ ಮಾನದಂಡ ಅಂತ ಹೆಸರು. ರಿಪೋರ್ಟಿನಲ್ಲಿ ಈ ಎರಡು ಅಂಕಿ ಇದೆಯಾ ಅಂತ ನೋಡಿಕೊಳ್ಳಿ. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಮುಂದಿನ ಸಲ ಹೋಲಿಸಿ ನೋಡಬೇಕಲ್ವಾ?

ಬ್ಯಾರೆಟ್ ಅನ್ನುವುದು ಒಬ್ಬ ಸರ್ಜನ್ನಿನ ಹೆಸರು. ನಾರ್ಮನ್ ಬ್ಯಾರೆಟ್, ಲಂಡನ್ನಿನಲ್ಲಿ ಕೆಲಸ ಮಾಡಿದವರು. 1950ರಲ್ಲಿ ಇದರ ಬಗ್ಗೆ ಬರೆದಾಗ, ಇದು ಹುಟ್ಟಿನಿಂದಲೇ ಮೇಲಕ್ಕೆ ಎಳೆದುಕೊಂಡ ಜಠರದ ಭಾಗ ಅಂದುಕೊಂಡಿದ್ದರು. 1953ರಲ್ಲಿ ಆಲಿಸನ್ ಮತ್ತು ಜಾನ್‌ಸ್ಟನ್ ಅನ್ನುವವರು ಅಲ್ಲ, ಇದು ಅನ್ನನಾಳವೇ, ಒಳಪದರ ಮಾತ್ರ ಬೇರೆ ಅಂತ ತೋರಿಸಿದರು. 1957ರಲ್ಲಿ ಬ್ಯಾರೆಟ್ ಅದನ್ನು ಒಪ್ಪಿಕೊಂಡರು.

ಎಷ್ಟು ಜನರಿಗೆ ಇದೆ?

ಮಗನ ಮೊದಲ ಪ್ರಶ್ನೆ: ‘ನಮ್ಮಪ್ಪನಿಗೇ ಯಾಕೆ ಸಾರ್?’ ಇದೇನು ಅಪರೂಪದ ಕಾಯಿಲೆ ಅಲ್ಲ ಅನ್ನುವುದೇ ಅದಕ್ಕೆ ಉತ್ತರ. ಸ್ವೀಡನ್ ದೇಶದಲ್ಲಿ ಕಾಯಿಲೆ ಇದೆಯೋ ಇಲ್ಲವೋ ನೋಡದೆ, ಊರಿನ ಸಾಮಾನ್ಯ ಜನರಲ್ಲೇ ಸಾವಿರ ಜನರಿಗೆ ಎಂಡೋಸ್ಕೋಪಿ ಮಾಡಿದ್ದರು. 2005ರಲ್ಲಿ ಅದರ ಫಲಿತಾಂಶ ಬಂತು. 16 ಜನರಲ್ಲಿ ಬ್ಯಾರೆಟ್ಸ್ ಇತ್ತು, ಅಂದರೆ ಶೇ. 1.6. ಅವರಲ್ಲಿ ಎದೆಯುರಿಯೇ ಇಲ್ಲದವರೂ ಇದ್ದರು.

2019ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಯಾವ ಅಪಾಯದ ಅಂಶವೂ ಇಲ್ಲದವರಲ್ಲಿ ಶೇ. 0.8. ಎದೆಯುರಿ ಮಾತ್ರ ಇರುವವರಲ್ಲಿ ಶೇ. 3 ರಷ್ಟು. ಎದೆಯುರಿಯ ಜೊತೆ ವಯಸ್ಸು, ಬೊಜ್ಜು, ಗಂಡಸು ಅನ್ನುವುದು, ಹೀಗೆ ಇನ್ನೊಂದು ಸೇರಿದರೆ ಶೇ. 12ಕ್ಕೆ ಏರಿತು. ಮನೆಯಲ್ಲಿ ಹತ್ತಿರದವರಿಗೆ ಬ್ಯಾರೆಟ್ಸ್ ಅಥವಾ ಈ ಕ್ಯಾನ್ಸರ್ ಇದ್ದರೆ ಶೇ. 23. ಎದೆಯುರಿ ಒಂದೇ ಅಳತೆಗೋಲು ಅಲ್ಲ ಅಂತ ಇದರಿಂದ ಗೊತ್ತಾಗುತ್ತದೆ. ಜೊತೆಗೆ ಏನೇನು ಇದೆ ಅನ್ನುವುದೇ ಮುಖ್ಯ.

ಇವೆಲ್ಲ ಬಹುಪಾಲು ಪಶ್ಚಿಮ ದೇಶಗಳ ಅಂಕಿ. ಏಷ್ಯಾದಲ್ಲಿ ಇನ್ನೂ ಕಮ್ಮಿ. 2015ರಲ್ಲಿ ಏಷ್ಯಾದ 51 ಅಧ್ಯಯನಗಳನ್ನು ಸೇರಿಸಿ ನೋಡಿದಾಗ ಒಂದು ಗಮನಿಸುವಂಥ ವಿಷಯ ಸಿಕ್ಕಿತು. ಎಂಡೋಸ್ಕೋಪಿಯಲ್ಲಿ ಕಣ್ಣಿಗೆ ಬ್ಯಾರೆಟ್ಸ್ ಹಾಗೆ ಕಂಡದ್ದು ಶೇ. 7.8 ಜನರಲ್ಲಿ. ಬಯಾಪ್ಸಿಯಲ್ಲಿ ಖಚಿತ ಆದದ್ದು ಶೇ. 1.3 ಮಾತ್ರ. ಅನ್ನನಾಳ ಜಠರ ಸೇರುವ ಗೆರೆ ಎಷ್ಟೋ ಜನರಲ್ಲಿ ಸುಮ್ನೆ ಸ್ವಲ್ಪ ಅಂಕುಡೊಂಕಾಗಿರುತ್ತದೆ. ಒಂದು ಸೆಂ.ಮೀ. ಕೂಡ ಇಲ್ಲದ ಅಂಥ ಅಂಕುಡೊಂಕಿಗೆ ಬ್ಯಾರೆಟ್ಸ್ ಅನ್ನುವ ಹೆಸರು ಕೊಡಬಾರದು ಅಂತ ಈಗಿನ ಮಾರ್ಗಸೂಚಿಗಳು ಹೇಳುತ್ತವೆ. ಬಯಾಪ್ಸಿ ಇಲ್ಲದೆ ಬರೀ ‘ಬ್ಯಾರೆಟ್ಸ್ ಇರಬಹುದು’ ಅಂತ ಬರೆದ ಕಾಗದ ಹಿಡಿದುಕೊಂಡು ವರ್ಷಗಟ್ಟಲೆ ಹೆದರಿ ಬದುಕುವವರನ್ನು ನೋಡಿದ್ದೇನೆ. ಅವರಿಗೆ ಮೊದಲು ಬೇಕಾದದ್ದು ಬಯಾಪ್ಸಿಯ ಉತ್ತರ.

ಯಜಮಾನರದ್ದು ಅಂಥದ್ದಲ್ಲ. ನಾಲ್ಕು ಸೆಂ.ಮೀ., ಬಯಾಪ್ಸಿಯಲ್ಲೂ ಇದೆ. ಬ್ಯಾರೆಟ್ಸ್ ಇರುವುದರಲ್ಲಿ ಅನುಮಾನ ಇರಲಿಲ್ಲ.

ಹನ್ನೊಂದು ಪಟ್ಟು, ಸಾವಿರಕ್ಕೆ ಒಬ್ಬರು

ಮಗ ಮೊಬೈಲ್ ಮುಂದೆ ಹಿಡಿದ. “ಕ್ಯಾನ್ಸರ್ ಬರೋ ಚಾನ್ಸು ಹನ್ನೊಂದು ಪಟ್ಟು ಜಾಸ್ತಿ ಅಂತ ಬರ್ದವ್ರೆ ಸಾರ್.” ಅದು ಸುಳ್ಳಲ್ಲ. ಡೆನ್ಮಾರ್ಕಿನಲ್ಲಿ ಬ್ಯಾರೆಟ್ಸ್ ಇದ್ದ 11,028 ಜನರನ್ನು ವರ್ಷಗಟ್ಟಲೆ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಮಾತು ಅದು. ಉಳಿದ ಜನರಿಗೆ ಹೋಲಿಸಿದರೆ ಇವರಿಗೆ ಅನ್ನನಾಳದ ಅಡಿನೋಕಾರ್ಸಿನೋಮಾ ಅನ್ನುವ ಕ್ಯಾನ್ಸರ್ ಬರುವ ಸಾಧ್ಯತೆ ಸುಮಾರು 11 ಪಟ್ಟು.

ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಅಂಕಿಯೂ ಇದೆ. ವರ್ಷಕ್ಕೆ ಶೇ. 0.12. ಅಂದರೆ ಬ್ಯಾರೆಟ್ಸ್ ಇರುವ ಸಾವಿರ ಜನರಲ್ಲಿ ಒಂದು ವರ್ಷಕ್ಕೆ ಕ್ಯಾನ್ಸರ್ ಆಗುವುದು ಸುಮಾರು ಒಬ್ಬರಿಗೆ. ಬೇರೆ ಅಧ್ಯಯನಗಳನ್ನು ಸೇರಿಸಿ ಮಾಡಿದ ಲೆಕ್ಕದಲ್ಲಿ, ಡಿಸ್‌ಪ್ಲೇಸಿಯಾ, ಅಂದರೆ ಕೋಶಗಳು ಕೆಡುವುದು, ಶುರುವಾಗಿಲ್ಲದವರಲ್ಲಿ ಇದು ವರ್ಷಕ್ಕೆ ಶೇ. 0.33, ಅಂದರೆ ಸಾವಿರಕ್ಕೆ ಮೂವರು. ಇಷ್ಟು ಕಮ್ಮಿ ಇದ್ದರೂ ಹನ್ನೊಂದು ಪಟ್ಟು ಹೇಗಾಯ್ತು? ಮೂಲದಲ್ಲಿ ಈ ಕ್ಯಾನ್ಸರ್ ತೀರಾ ಅಪರೂಪ. ಚಿಕ್ಕದನ್ನು ಹನ್ನೊಂದರಿಂದ ಗುಣಿಸಿದರೂ ಚಿಕ್ಕದೇ. ಪಟ್ಟು ಹೇಳಿ ಸುಮ್ಮನಾದರೆ ಜನ ಸಾಯುವ ಮೊದಲೇ ಅರ್ಧ ಸಾಯುತ್ತಾರೆ. ಸಾವಿರಕ್ಕೆ ಎಷ್ಟು ಅಂತಲೂ ಹೇಳಬೇಕು. ವೈದ್ಯರಾದ ನಾವು ಇದನ್ನು ಹೇಳದೆ ಇರುವುದು ತಪ್ಪು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹತ್ತು ವರ್ಷಕ್ಕೆ ಲೆಕ್ಕ ಹಾಕಿದರೆ ಸಾವಿರಕ್ಕೆ ಹತ್ತರಿಂದ ಮೂವತ್ತು ಚಿಲ್ಲರೆ ಜನ. ಉಳಿದ ಒಂಬೈನೂರು ಚಿಲ್ಲರೆ ಜನರಿಗೆ ಬ್ಯಾರೆಟ್ಸಿನಿಂದ ಕ್ಯಾನ್ಸರ್ ಬರುವುದಿಲ್ಲ. ಬ್ಯಾರೆಟ್ಸ್ ಇರುವವರ ಸಾವಿನ ಕಾರಣ ನೋಡಿದರೆ, ಬಹುಪಾಲು ಜನ ಹೋಗುವುದು ಹೃದಯದ ಕಾಯಿಲೆಯಂಥ ಬೇರೆ ಕಾರಣಗಳಿಂದ. ಯಜಮಾನರಿಗೆ ಬಿಪಿ ಇದೆ, ಬೀಡಿ ಇದೆ, ಬೊಜ್ಜಿದೆ. ‘ನಿಮ್ಮ ಎದೆಯ ಬಗ್ಗೆ ನನಗೆ ಚಿಂತೆ ಇರುವುದು ಅನ್ನನಾಳಕ್ಕಿಂತ ಹೃದಯಕ್ಕೆ’ ಅಂತ ನೇರವಾಗಿ ಹೇಳಿದೆ.

ಇನ್ನೊಂದು ಮಾತನ್ನೂ ಹೇಳಬೇಕು. ಈ ಅಡಿನೋಕಾರ್ಸಿನೋಮಾ ಬಂದವರಲ್ಲಿ ಬಹಳ ಜನರಿಗೆ, ಕ್ಯಾನ್ಸರ್ ಪತ್ತೆ ಆಗುವ ತನಕ ಬ್ಯಾರೆಟ್ಸ್ ಇದೆ ಅಂತ ಗೊತ್ತೇ ಇರುವುದಿಲ್ಲ. ಹಾಗಾಗಿ ಗೊತ್ತಾಗಿದ್ದು ಯಜಮಾನರಿಗೆ ಒಳ್ಳೆಯದೇ ಆಯ್ತು.

ಆ ಎರಡನೇ ಸಾಲು

ನಿಜವಾಗಿ ಯೋಚನೆ ಮಾಡಬೇಕಾಗಿದ್ದು ಡಿಸ್‌ಪ್ಲೇಸಿಯಾ ಅನ್ನುವ ಸಾಲಿನ ಬಗ್ಗೆ. ಕೋಶಗಳ ಆಕಾರ, ಜೋಡಣೆ ಕೆಡಲು ಶುರುವಾಗಿದೆ, ಕ್ಯಾನ್ಸರ್ ಕಡೆಗೆ ಹೆಜ್ಜೆ ಇಟ್ಟಿದೆ ಅನ್ನುವುದು ಅದರ ಅರ್ಥ. ಹೈ ಗ್ರೇಡ್ ಆದರೆ ವರ್ಷಕ್ಕೆ ನೂರಕ್ಕೆ ಆರೇಳು ಜನರಲ್ಲಿ ಕ್ಯಾನ್ಸರ್ ಆಗುತ್ತದೆ, ಕಾಯುವ ಮಾತೇ ಇಲ್ಲ. ಲೋ ಗ್ರೇಡ್ ಮಾತ್ರ ಬಹಳ ಕಷ್ಟದ ವಿಷಯ. ಯಾಕಂದರೆ ಬಯಾಪ್ಸಿ ಚೂರು ಪರೀಕ್ಷಿಸುವ ಒಬ್ಬ ಪ್ಯಾಥಾಲಜಿಸ್ಟ್ ಲೋ ಗ್ರೇಡ್ ಅಂದದ್ದನ್ನು ಇನ್ನೊಬ್ಬರು ಒಪ್ಪದೆ ಇರುವುದು ಮಾಮೂಲು.

ನೆದರ್ಲೆಂಡ್ಸಿನಲ್ಲಿ 2010ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಒಳ್ಳೆಯ ಸಾಕ್ಷಿ. ಸಾಮಾನ್ಯ ಆಸ್ಪತ್ರೆಗಳಲ್ಲಿ ಲೋ ಗ್ರೇಡ್ ಅಂತ ಬರೆಸಿಕೊಂಡ 147 ಜನರ ಸ್ಲೈಡುಗಳನ್ನು ಈ ವಿಷಯದಲ್ಲಿ ಪಳಗಿದ ಪ್ಯಾಥಾಲಜಿಸ್ಟರು ಮತ್ತೆ ನೋಡಿದರು. ಶೇ. 85 ಜನರದ್ದು ಲೋ ಗ್ರೇಡ್ ಅಲ್ಲ ಅಂತ ಆಯ್ತು. ಆದರೆ ಉಳಿದ ಶೇ. 15 ಜನರಲ್ಲಿ, ಅಂದರೆ ಇವರೂ ಹೌದು ಅಂದವರಲ್ಲಿ, ವರ್ಷಕ್ಕೆ ಶೇ. 13ರಷ್ಟು ಜನ ಹೈ ಗ್ರೇಡ್ ಅಥವಾ ಕ್ಯಾನ್ಸರಿಗೆ ಹೋದರು. ಒಂದೇ ಪದ, ಎರಡು ಬೇರೆ ಬೇರೆ ಭವಿಷ್ಯ. ಎರಡನೇ ಜೋಡಿ ಕಣ್ಣು ನೋಡುವ ತನಕ ಯಜಮಾನರು ಯಾವ ಗುಂಪಿನವರು ಅಂತ ಹೇಳುವುದಕ್ಕೆ ಆಗುತ್ತಿರಲಿಲ್ಲ.

ಅನುಮಾನಕ್ಕೆ ಇನ್ನೂ ಎರಡು ಕಾರಣ ಇತ್ತು. ಎಂಡೋಸ್ಕೋಪಿ ಮಾಡಿದ ದಿನ ಅವರು ಮಾತ್ರೆ ತಗೊಳ್ಳುತ್ತಿರಲಿಲ್ಲ. ಅನ್ನನಾಳದಲ್ಲಿ ಹಸಿ ಹುಣ್ಣುಗಳಿದ್ದವು. ಉರಿಯೂತ ಜೋರಾಗಿದ್ದಾಗ ಕೋಶಗಳು ಕೆಟ್ಟವರ ವೇಷ ಹಾಕಿಕೊಂಡಿರುತ್ತವೆ, ಡಿಸ್‌ಪ್ಲೇಸಿಯಾ ಹಾಗೇ ಕಾಣುತ್ತವೆ. ಮತ್ತೆ, ತೆಗೆದ ಬಯಾಪ್ಸಿ ಚೂರುಗಳು ಎರಡೇ. ಬ್ಯಾರೆಟ್ಸ್ ಇದ್ದಾಗ ಪ್ರತಿ ಎರಡು ಸೆಂ.ಮೀ.ಗೆ ನಾಲ್ಕೂ ಕಡೆಯಿಂದ ಒಂದೊಂದು ಚೂರು ತೆಗೆಯಬೇಕು. ಇದಕ್ಕೆ ಸಿಯಾಟಲ್ ಪ್ರೋಟೋಕಾಲ್ ಅಂತಾರೆ.

ಮಗನಿಗೆ ಕೆಲಸ ಹೇಳಿದೆ. ಆಸ್ಪತ್ರೆಯ ಲ್ಯಾಬಿಗೆ ಹೋಗಿ, ಸ್ಲೈಡ್ ಮತ್ತು ಬ್ಲಾಕ್ ಎರಡನ್ನೂ ಕೇಳಿ ತಗೊಂಡು ಬಾ. ಜನರಿಗೆ ಇದು ಕೇಳಿ ಪಡೆಯಬಹುದಾದ ವಸ್ತು ಅಂತಲೇ ಗೊತ್ತಿಲ್ಲ. ಒಂದು ಅರ್ಜಿ ಬರೆದು, ಸಹಿ ಹಾಕಿದರೆ ಕೊಡುತ್ತಾರೆ. ಅವನು ತಂದದ್ದು ಅಂಗೈಯಲ್ಲಿ ಹಿಡಿಯುವಂಥ ಒಂದು ಪುಟ್ಟ ಡಬ್ಬಿ. ಒಳಗೆ ಎರಡು ಗಾಜಿನ ಸ್ಲೈಡು, ನೇರಳೆ ಗುಲಾಬಿ ಬಣ್ಣದ ಸಣ್ಣ ಕಲೆ. ಪಕ್ಕದಲ್ಲಿ ಪ್ಲಾಸ್ಟಿಕ್ ಚೌಕಟ್ಟಿನ ಮೇಣದ ತುಂಡು. ಅದರ ನಡುವೆ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು, ಅಪ್ಪನ ಅನ್ನನಾಳದ ಚೂರು. ಅವನು ಅದನ್ನು ಬಹಳ ಹೊತ್ತು ಬೆಳಕಿಗೆ ಹಿಡಿದು ನೋಡಿದ. “ಇಷ್ಟೇ ಇಷ್ಟಕ್ಕೆ ನಮ್ಮನೇಲಿ ಒಲೆ ಹಚ್ಚಿಲ್ಲ ಸಾರ್” ಅಂದ.

ಡಬ್ಬಿ ಬೆಂಗಳೂರಿಗೆ ಹೋಯ್ತು, ಜೀರ್ಣಾಂಗದ ಬಯಾಪ್ಸಿಗಳನ್ನೇ ಹೆಚ್ಚಾಗಿ ನೋಡುವ ಪ್ಯಾಥಾಲಜಿಸ್ಟರ ಹತ್ತಿರ. ಅವರ ಉತ್ತರ: ಬ್ಯಾರೆಟ್ಸ್ ಹೌದು, ಉರಿಯೂತ ಬಹಳ ಇದೆ, ಡಿಸ್‌ಪ್ಲೇಸಿಯಾ ಇದೆಯೋ ಇಲ್ಲವೋ ಈ ಚೂರಿನಲ್ಲಿ ಖಚಿತವಾಗಿ ಹೇಳಲಾಗದು. ಹುಣ್ಣು ಮಾಯಿಸಿ ಮತ್ತೆ ಬಯಾಪ್ಸಿ ಮಾಡಿ.

‘ಹಾಗಾದರೆ ಕ್ಯಾನ್ಸರ್ ಇಲ್ಲ ತಾನೇ?’ ಅಂತ ಎಲ್ಲರೂ ಕೇಳಿದರು. ಇಲ್ಲ. ಲೋ ಗ್ರೇಡ್ ನಿಜವೇ ಆಗಿದ್ದರೂ ಅದು ಕ್ಯಾನ್ಸರ್ ಅಲ್ಲ, ಅದಕ್ಕೆ ಚಿಕಿತ್ಸೆಯೂ ಇದೆ ಅಂತ ಹೇಳಿದೆ. ರೇಡಿಯೋ ಫ್ರೀಕ್ವೆನ್ಸಿ ಅಬ್ಲೇಶನ್ ಅಂತ, ಎಂಡೋಸ್ಕೋಪಿ ಮೂಲಕವೇ ಆ ಪದರವನ್ನು ಶಾಖದಿಂದ ಸುಡುತ್ತಾರೆ. ಮತ್ತೆ ಅಲ್ಲಿ ಮಾಮೂಲಿ ಪದರ ಬೆಳೆಯುತ್ತದೆ. ಲೋ ಗ್ರೇಡ್ ಖಚಿತವಾದ 136 ಜನರ ಮೇಲೆ ಯುರೋಪಿನಲ್ಲಿ ನಡೆದ ಪ್ರಯೋಗದ ಫಲಿತಾಂಶ 2014ರಲ್ಲಿ ಬಂತು. ಮೂರು ವರ್ಷದಲ್ಲಿ, ಬರೀ ಗಮನಿಸುತ್ತಾ ಇದ್ದವರಲ್ಲಿ ಶೇ. 26.5 ಜನ ಹೈ ಗ್ರೇಡ್ ಅಥವಾ ಕ್ಯಾನ್ಸರಿಗೆ ಹೋದರು. ಅಬ್ಲೇಶನ್ ಆದವರಲ್ಲಿ ಶೇ. 1.5 ಮಾತ್ರ.

ಮಾತ್ರೆ, ಮಂಚ, ರಾತ್ರಿ ಊಟ

ಆಸಿಡ್ ಕಮ್ಮಿ ಮಾಡುವ ಪ್ಯಾಂಟೊಪ್ರಜೋಲ್ ಮಾತ್ರೆ ದಿನಕ್ಕೆ ಎರಡು ಸಲ, ಮೂರು ತಿಂಗಳು. ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮುಂಚೆ, ರಾತ್ರಿ ಊಟಕ್ಕೆ ಅರ್ಧ ಗಂಟೆ ಮುಂಚೆ. ಅವರು ಇಷ್ಟು ವರ್ಷ ನುಂಗುತ್ತಿದ್ದದ್ದು ಉಂಡಾದ ಮೇಲೆ, ಉರಿ ಬಂದಾಗ. ಈ ಮಾತ್ರೆ ಕೆಲಸ ಮಾಡುವುದು ಜಠರದ ಆಸಿಡ್ ಪಂಪುಗಳು ಊಟಕ್ಕೆ ಶುರುವಾಗುವಾಗ. ಉಂಡ ಮೇಲೆ ನುಂಗಿದರೆ ಅರ್ಧ ದುಡ್ಡು ದಂಡ.

ಹೆಂಡತಿಗೆ ಒಂದು ಅನುಮಾನ: ಈ ಮಾತ್ರೆ ಜಾಸ್ತಿ ದಿನ ತಗೊಂಡರೆ ಕಿಡ್ನಿ ಹೋಗುತ್ತಂತೆ? ಈ ಪ್ರಶ್ನೆ ದಿನಾ ಬರುತ್ತದೆ. 17 ಸಾವಿರಕ್ಕೂ ಹೆಚ್ಚು ಜನರಿಗೆ ಸುಮಾರು ಮೂರು ವರ್ಷ ಪ್ಯಾಂಟೊಪ್ರಜೋಲ್ ಅಥವಾ ಖಾಲಿ ಮಾತ್ರೆ ಕೊಟ್ಟು ಹೋಲಿಸಿದ ದೊಡ್ಡ ಪ್ರಯೋಗದ ವರದಿ 2019ರಲ್ಲಿ ಬಂತು. ಕರುಳಿನ ಸೋಂಕು ಸ್ವಲ್ಪ ಜಾಸ್ತಿ ಕಂಡದ್ದು ಬಿಟ್ಟರೆ ಬೇರೆ ತೊಂದರೆಗಳಲ್ಲಿ ವ್ಯತ್ಯಾಸ ಇರಲಿಲ್ಲ. ಸುಮ್ನೆ ಗ್ಯಾಸಿಗೆ ಅಂತ ವರ್ಷಗಟ್ಟಲೆ ನುಂಗುವುದು ನನಗೂ ಇಷ್ಟ ಇಲ್ಲ. ಆದರೆ ಬ್ಯಾರೆಟ್ಸ್ ಇರುವವರಿಗೆ ಇದು ಬೇಕಾದ ಮಾತ್ರೆ.

ಆಸ್ಪಿರಿನ್ ತಗೊಂಡರೆ ಕ್ಯಾನ್ಸರ್ ಬರಲ್ಲವಂತೆ ಅಂತ ಮಗ ಕೇಳಿದ. ಬ್ರಿಟನ್ನಿನಲ್ಲಿ 2,557 ಜನರ ಮೇಲೆ ನಡೆದ ಪ್ರಯೋಗ, 2018ರಲ್ಲಿ ಪ್ರಕಟವಾದದ್ದು, ಆಸಿಡ್ ಕಮ್ಮಿ ಮಾಡುವ ಮಾತ್ರೆಯನ್ನು ಜಾಸ್ತಿ ಪ್ರಮಾಣದಲ್ಲಿ ಕೊಟ್ಟು ಅದರ ಜೊತೆ ಆಸ್ಪಿರಿನ್ ಸೇರಿದರೆ ಸ್ವಲ್ಪ ಅನುಕೂಲ ಇದೆ ಅಂತ ತೋರಿಸಿತು. ಆದರೆ ಆಸ್ಪಿರಿನ್ನಿನಿಂದ ರಕ್ತಸ್ರಾವದ ಅಪಾಯ ಇದೆ. ನಾವಾಗೇ ಶುರು ಮಾಡುವ ಮಾತ್ರೆ ಅಲ್ಲ ಅದು.

ಮನೆಯಲ್ಲಿ ಬದಲಾದದ್ದು ಇಷ್ಟು. ಮಂಚದ ತಲೆ ಕಡೆಯ ಎರಡು ಕಾಲಿಗೆ ಇಟ್ಟಿಗೆ ಇಟ್ಟು ಆರೇಳು ಇಂಚು ಎತ್ತರಿಸಿದರು. ಎರಡು ದಿಂಬು ಇಟ್ಟರೆ ಸಾಲದು, ಕತ್ತು ಮಾತ್ರ ಮಡಚುತ್ತದೆ, ಹೊಟ್ಟೆ ಮೇಲೆ ಇನ್ನೂ ಒತ್ತಡ ಬೀಳುತ್ತದೆ. ಎಡಗಡೆ ಮಗ್ಗುಲಲ್ಲಿ ಮಲಗಲು ಹೇಳಿದೆ. ಆಲೆಮನೆಗೇ ಏಳೂವರೆಗೆ ಊಟದ ಕ್ಯಾರಿಯರ್ ಹೋಗಲು ಶುರುವಾಯ್ತು, ಎರಡು ಮುದ್ದೆ ಒಂದಾಯ್ತು. ಬೀಡಿ ಬಿಡುವುದಕ್ಕೆ ಮಾತ್ರ ಬಹಳ ಕಷ್ಟಪಟ್ಟರು. ಅದನ್ನು ಬಿಡಿಸಿದ್ದು ನಾನಲ್ಲ, ಅವರ ಅಕ್ಕನ ಕಾಯಿಲೆ.

ಅಕ್ಕ ಮುದ್ದೆ ಬಿಟ್ಟಿದ್ದರು

ಮೊದಲ ದಿನ ಎಲ್ಲರಿಗೂ ಅಪಾಯದ ಲಕ್ಷಣಗಳನ್ನು ಹೇಳುತ್ತಿದ್ದೆ. ನುಂಗುವಾಗ ತಡೆಯುವುದು, ಕಾರಣ ಇಲ್ಲದೆ ತೂಕ ಇಳಿಯುವುದು, ಮಲ ಟಾರಿನ ಹಾಗೆ ಕಪ್ಪಗಾಗುವುದು, ವಾಂತಿಯಲ್ಲಿ ರಕ್ತ. ಇದರಲ್ಲಿ ಯಾವುದು ಕಂಡರೂ ಕಾಯಬೇಡಿ ಅಂದೆ. ಅಲ್ಲಿ ತನಕ ಸುಮ್ಮನಿದ್ದ ಯಜಮಾನರ ಹೆಂಡತಿ ಮೆಲ್ಲಗೆ ಹೇಳಿದರು: “ಇವ್ರಿಗೇನೂ ಇಲ್ಲ ಸಾ. ಇವ್ರ ಅಕ್ಕ ಮುದ್ದೆ ಬುಟ್ಟು ತಿಂಗ್ಳಾಯ್ತು. ಅನ್ನಾನೂ ಕಲ್ಸಿ ಗಂಜಿ ಮಾಡ್ಕಂಡು ಕುಡೀತರೆ. ವಯಸ್ಸಾಯ್ತಲ್ಲ ಅಂತ ಸುಮ್ನಾದೋ.”

ಅಕ್ಕನಿಗೆ 64. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲೇ ಇದ್ದಾರೆ. ಅವತ್ತು ಕ್ಲಿನಿಕ್ಕಿಗೂ ತಮ್ಮನಿಗಾಗಿ ಅಳುತ್ತಾ ಬಂದಿದ್ದರು. ಹದಿನೈದು ಹದಿನಾರರ ವಯಸ್ಸಿನಿಂದ ಎಲೆಅಡಿಕೆ, ಕಡ್ಡಿಪುಡಿ. ಎದೆಯುರಿ ಅವರಿಗೆ ಯಾವತ್ತೂ ಇರಲಿಲ್ಲ. ರವಿಕೆಯ ತೋಳು ಸಡಿಲ ಆಗಿ ಜೋತಾಡುತ್ತಿತ್ತು. ಎಷ್ಟು ದಿನದಿಂದ ಅಂತ ಕೇಳಿದರೆ, “ಮುದ್ದೆ ಇಲ್ಲಿ ನಿಂತ್ಕತದೆ ಕಣಪ್ಪ, ನೀರು ಕುಡುದ್ರೆ ಇಳೀತದೆ” ಅಂತ ಎದೆಯ ನಡುವೆ ಬೆರಳಿಟ್ಟು ತೋರಿಸಿದರು.

ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಅನ್ನನಾಳದ ದಾರಿ ಕಿರಿದಾದರೆ ಮೊದಲು ಗೊತ್ತಾಗುವುದೇ ಮುದ್ದೆಯಲ್ಲಿ. ಗೊತ್ತಾದಾಗ ಜನ ಮಾಡುವುದು ಮುದ್ದೆ ಬಿಡುವುದು. ಆಮೇಲೆ ರೊಟ್ಟಿ ಬಿಡುತ್ತಾರೆ, ಆಮೇಲೆ ಗಟ್ಟಿ ಅನ್ನ. ಗಂಜಿಗೆ ಬರುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತವೆ. ಮಂಡ್ಯ ಮೈಸೂರು ಸೀಮೆಯಲ್ಲಿ ವಯಸ್ಸಾದವರು ಮುದ್ದೆ ಬಿಟ್ಟರು ಅಂದರೆ ಹಲ್ಲಿನ ಮಾತು ಬೇಡ, ಯಾಕೆ ಅಂತ ಕೇಳಲೇಬೇಕು. ಈ ಒಂದು ವಿಷಯವನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಅದೇ ವಾರ ಎಂಡೋಸ್ಕೋಪಿ ಆಯ್ತು. ಅನ್ನನಾಳದ ನಡುಭಾಗದಲ್ಲಿ ಗಡ್ಡೆ. ಬಯಾಪ್ಸಿ: ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ. ತಮ್ಮನ ಬ್ಯಾರೆಟ್ಸಿಗೂ ಇದಕ್ಕೂ ಸಂಬಂಧ ಇಲ್ಲ. ಅನ್ನನಾಳ ಒಂದೇ, ಕ್ಯಾನ್ಸರ್ ಎರಡು ಜಾತಿ. ಬ್ಯಾರೆಟ್ಸಿನಿಂದ ಬರುವುದು ಅಡಿನೋಕಾರ್ಸಿನೋಮಾ, ಕೆಳತುದಿಯಲ್ಲಿ, ಎದೆಯುರಿ ಮತ್ತು ಬೊಜ್ಜಿನ ದಾರಿಯಲ್ಲಿ. ಅಮೆರಿಕ, ಬ್ರಿಟನ್ನಿನಲ್ಲಿ ಅದೇ ಜಾಸ್ತಿ. ಹಾಗಾಗಿ ಮೊಬೈಲಿನಲ್ಲಿ ಹುಡುಕಿದರೆ ಸಿಗುವುದೂ ಅದೇ. ನಮ್ಮ ದೇಶದಲ್ಲಿ ಹೆಚ್ಚಿನ ಪಾಲು ಇನ್ನೊಂದು, ಚಪ್ಪಟೆ ಕೋಶಗಳಿಂದಲೇ ಹುಟ್ಟುವ ಸ್ಕ್ವಾಮಸ್ ಜಾತಿ. ಅದಕ್ಕೆ ದಾರಿ ಹೊಗೆಸೊಪ್ಪು, ಬೀಡಿ, ಅಡಿಕೆ, ಹೆಂಡ. ತೀರಾ ಸುಡುವ, 65 ಡಿಗ್ರಿಗಿಂತ ಬಿಸಿಯಾದ ಪಾನೀಯವೂ ಕಾರಣ ಆಗಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2016ರಲ್ಲಿ ಹೇಳಿದೆ. ಇದಕ್ಕೆ ಎದೆಯುರಿ ಮುನ್ಸೂಚನೆ ಕೊಡುವುದಿಲ್ಲ.

ಅಕ್ಕನಿಗೆ ಬೆಂಗಳೂರಿನಲ್ಲಿ ಕೀಮೋ, ರೇಡಿಯೇಶನ್ ಒಟ್ಟಿಗೆ ಕೊಟ್ಟು, ಆಮೇಲೆ ಆಪರೇಶನ್ ಅಂತ ತೀರ್ಮಾನ ಆಯ್ತು. ನೆದರ್ಲೆಂಡ್ಸಿನಿಂದ 2012ರಲ್ಲಿ ಬಂದ ಪ್ರಯೋಗದ ದಾರಿ ಇದು. ಅದರಲ್ಲಿ ಮೊದಲು ಕೀಮೋ ರೇಡಿಯೇಶನ್ ಪಡೆದ ಸ್ಕ್ವಾಮಸ್ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ, ಆಪರೇಶನ್ ಮಾಡಿ ತೆಗೆದ ಭಾಗದಲ್ಲಿ ಗಡ್ಡೆಯ ಕೋಶವೇ ಉಳಿದಿರಲಿಲ್ಲ. ಅಕ್ಕನ ರೇಡಿಯೇಶನ್ ಮುಗಿದಿದೆ. ಆಪರೇಶನ್ ಆಗಬೇಕು. ಮುಂದೆ ಏನು ಅಂತ ಈಗಲೇ ಹೇಳುವ ಹಾಗಿಲ್ಲ. ಗಂಜಿ ಈಗ ಸಲೀಸಾಗಿ ಇಳಿಯುತ್ತಿದೆ.

ಮೂರು ತಿಂಗಳ ಮೇಲೆ

ಯಜಮಾನರಿಗೆ ಎರಡನೇ ಎಂಡೋಸ್ಕೋಪಿ ಆಯ್ತು. ಹುಣ್ಣು ಪೂರ್ತಿ ಮಾಯ್ದಿತ್ತು. ಬ್ಯಾರೆಟ್ಸ್ ಮೊದಲಿನಷ್ಟೇ, ಸಿ1 ಎಂ4. ಮಾತ್ರೆಯಿಂದ ಅದು ಹೋಗಿಬಿಡುತ್ತದೆ ಅಂತ ಯಾರೂ ನಿರೀಕ್ಷೆ ಮಾಡಬಾರದು. ಈ ಸಲ ಪ್ರೋಟೋಕಾಲ್ ಪ್ರಕಾರ ಎಲ್ಲ ಕಡೆಯಿಂದ ಚೂರು ತೆಗೆದರು. ಮೈಸೂರಿನವರೂ, ಬೆಂಗಳೂರಿನವರೂ ನೋಡಿದರು. ಇಬ್ಬರದೂ ಒಂದೇ ಉತ್ತರ: ಡಿಸ್‌ಪ್ಲೇಸಿಯಾ ಇಲ್ಲ.

ಇನ್ನು ಮುಂದೆ ಎಷ್ಟು ಸಲ ಪೈಪ್ ಬಿಡಬೇಕು? ಅಮೆರಿಕದ 2022ರ ಮಾರ್ಗಸೂಚಿ ಪ್ರಕಾರ ಡಿಸ್‌ಪ್ಲೇಸಿಯಾ ಇಲ್ಲದಿದ್ದರೆ, 3 ಸೆಂ.ಮೀ.ಗಿಂತ ಕಮ್ಮಿ ಇರುವವರಿಗೆ ಐದು ವರ್ಷಕ್ಕೆ, 3 ಅಥವಾ ಹೆಚ್ಚು ಇದ್ದವರಿಗೆ ಮೂರು ವರ್ಷಕ್ಕೆ ಒಮ್ಮೆ. ಇದರಿಂದ ಎಷ್ಟು ಲಾಭ ಅನ್ನುವುದರ ಬಗ್ಗೆ ಚರ್ಚೆ ಇದೆ. ಬ್ರಿಟನ್ನಿನಲ್ಲಿ 3,453 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ವರ್ಷಕ್ಕೊಮ್ಮೆ, ಇನ್ನೊಂದಕ್ಕೆ ಬೇಕು ಅನ್ನಿಸಿದಾಗ ಮಾತ್ರ ಎಂಡೋಸ್ಕೋಪಿ ಮಾಡಿದರು. 2025ರಲ್ಲಿ ಬಂದ ಫಲಿತಾಂಶದಲ್ಲಿ ಎರಡೂ ಗುಂಪಿನ ಆಯಸ್ಸಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದನ್ನೂ ಯಜಮಾನರಿಗೆ ಹೇಳಿದೆ. ಯೋಚನೆ ಮಾಡಿ ಅವರೇ ಮೂರು ವರ್ಷಕ್ಕೊಮ್ಮೆ ಮಾಡಿಸುತ್ತೇನೆ ಅಂದರು. ಅವರದ್ದು ನಾಲ್ಕು ಸೆಂ.ಮೀ., ಒಮ್ಮೆ ಅನುಮಾನವೂ ಬಂದಿತ್ತು. ನನಗೂ ಅದೇ ಸರಿ ಅನ್ನಿಸಿತು. ಪ್ರತಿ ವರ್ಷ ಮಾಡಿಸುವ ಅಗತ್ಯ ಮಾತ್ರ ಖಂಡಿತ ಇಲ್ಲ. ಮಾತ್ರೆ ಈಗ ದಿನಕ್ಕೆ ಒಂದು. ತೂಕ 81 ಕೆ.ಜಿ.ಗೆ ಬಂದಿದೆ. ಬಿಪಿ ಹಿಡಿತದಲ್ಲಿದೆ.

ಮಗನಿಗೆ 31 ವರ್ಷ. ಕೊನೆಯಲ್ಲಿ ಅವನ ಪ್ರಶ್ನೆ: ‘ನಾನೂ ಮಾಡಿಸ್ಬೇಕಾ ಸಾರ್?’ ತಿಂಗಳಿಗೆ ಒಂದು ಸಲವೋ ಎರಡು ಸಲವೋ ಬಾಡೂಟದ ಮಾರನೇ ದಿನ ಎದೆಯುರಿ ಬರುತ್ತದೆ, ಅಷ್ಟೇ. ಈಗ ಬೇಡ ಅಂದೆ. ಸಿಗರೇಟು ಬಿಡು, ಹೊಟ್ಟೆ ಬೆಳೆಯಲು ಬಿಡಬೇಡ. ಎದೆಯುರಿ ವಾರ ವಾರವೂ ಬರಲು ಶುರುವಾಗಿ ವರ್ಷಗಟ್ಟಲೆ ನಿಂತರೆ ಅಪ್ಪನ ವಿಷಯ ಹೇಳಿ ಒಮ್ಮೆ ಮಾಡಿಸು. ಅಪ್ಪನ ಎರಡೂ ಎಂಡೋಸ್ಕೋಪಿ ರಿಪೋರ್ಟು, ಫೋಟೋ, ಎರಡೂ ಪ್ಯಾಥಾಲಜಿ ವರದಿ, ಸ್ಲೈಡ್ ಡಬ್ಬಿ ಎಲ್ಲ ಒಂದೇ ಫೈಲಿನಲ್ಲಿ ಇಡಲು ಹೇಳಿದೆ. ಅತ್ತೆಯ ಫೈಲು ಬೇರೆ. ಅದನ್ನು ಹಿಡಿದುಕೊಂಡು ಅವನು ಮುಂದಿನ ವಾರ ಬೆಂಗಳೂರಿಗೆ ಹೋಗಬೇಕು, ಸರ್ಜನ್ ತಾರೀಖು ಕೊಡುತ್ತಾರೆ.